ಮೆಹದಿಪಟ್ಟಣಂನಲ್ಲಿ ನಾನು ಕೊಟ್ಟ ಉತ್ತರ

ಕಳೆದ ವರ್ಷ ನಮ್ಮ ಹಳೆಯ ಕಾರ್ಖಾನೆಯವರು ನನ್ನನ್ನು ಕರೆಸಿ, ಭದ್ರತಾ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ನಿಮ್ಮ ಅನುಭವ ಹೇಳಿ ಎಂದರು. ಶಾಲು ಹೊದಿಸಿದರು. ನಾನು ಚೆನ್ನಾಗಿ ಹೇಳಲು ಬರುವ ಪ್ರಸಂಗಗಳನ್ನಷ್ಟೇ ಆರಿಸಿಕೊಂಡು ಹೇಳಿದೆ. ಅಣ್ಣನ ಗುರುತಿನ ಕಾರ್ಡು ಕೊರಳಿಗೆ ಹಾಕಿಕೊಂಡು ವಾರವಿಡೀ ಗೇಟು ದಾಟಿದ ತಮ್ಮನ ಕಥೆ. ಮಂಗ ಓಡಿಸಲು ಹೋಗಿ ಅಪಾಯದ ಸೈರನ್ ಒತ್ತಿ ಇಡೀ ಕಾರ್ಖಾನೆಯನ್ನು ಮೈದಾನಕ್ಕೆ ಓಡಿಸಿದ ಕಾವಲುಗಾರನ ಕಥೆ. ಎಲ್ಲರೂ ನಕ್ಕರು. ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, ಸಾಲ ಇರುವವರಿಗೆ ಭದ್ರತಾ ಕ್ಲಿಯರೆನ್ಸ್ ಕೊಡಲೇಬಾರದೇ ಎಂದು ಕೇಳಿದಳು. ಹಾಗೇನಿಲ್ಲ, ಎಲ್ಲವನ್ನೂ ತೂಗಿ ನೋಡುತ್ತೇವೆ ಎಂದು ಹೇಳಿ ಕುಳಿತುಬಿಟ್ಟೆ. ಚಪ್ಪಾಳೆ ತಟ್ಟಿದರು.

ಹೈದರಾಬಾದಿನ ಮೆಟ್ರೊದಲ್ಲಿ ಕೂಕಟ್‌ಪಲ್ಲಿಯ ಮನೆಗೆ ಮರಳುವಾಗ ಆ ಶಾಲನ್ನು ಕೈಚೀಲದ ತಳಕ್ಕೆ ತುರುಕಿದೆ. ಆ ಹುಡುಗಿಗೆ ನಾನು ಹೇಳಬೇಕಾಗಿದ್ದದ್ದು ಒಂದೇ ಪ್ರಕರಣ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ್ದೆ. ಈಗ ಅದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಎಚ್ಚರಿಕೆ. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ನಮ್ಮ ಮೇಷ್ಟ್ರು ನೆನಪಿಗಿಂತ ದಾಖಲೆಯನ್ನು ನಂಬಿ ಎನ್ನುತ್ತಿದ್ದರು. ಆ ಕಾರಣಕ್ಕೇ ಕೆಲಸಕ್ಕೆ ಸೇರಿದ ದಿನದಿಂದ ದಿನಚರಿ ಬರೆಯುತ್ತ ಬಂದೆ. ಆದರೆ ಈ ಪ್ರಕರಣಕ್ಕೆ ಅದರಿಂದ ಉಪಯೋಗವಿಲ್ಲ. ಮುಖ್ಯವಾದ ದಿನ ನಾನು ಬರೆದದ್ದು ಇಷ್ಟು: "ಮೆಹದಿಪಟ್ಟಣಂಗೆ ಹೋಗಿದ್ದೆ. ಜೀಪು ಸಿಗಲು ತಡವಾಯಿತು. ಬಸ್ ನಿಲ್ದಾಣದ ಹಿಂದೆ ಮಿರ್ಚಿ ಭಜಿ ಚೆನ್ನಾಗಿ ಮಾಡುತ್ತಾರೆ." ಒಬ್ಬ ಮನುಷ್ಯನ ಬದುಕು ಬುಡಮೇಲಾಗಲು ಶುರುವಾದ ದಿನ ನನಗೆ ಬರೆಯಬೇಕೆನಿಸಿದ್ದು ಭಜಿಯ ಬಗ್ಗೆ. ಉಳಿದದ್ದೆಲ್ಲ ನೆನಪು. ಅದು ನನ್ನ ಪರವಾಗಿ ಎಲ್ಲೆಲ್ಲಿ ವಾಲುತ್ತದೆ ಎಂದು ಗೊತ್ತಾದಲ್ಲೆಲ್ಲ ಹೇಳುತ್ತೇನೆ.

ನಮ್ಮದು ರಕ್ಷಣಾ ಇಲಾಖೆಗೆ ಸೇರಿದ ಕಾರ್ಖಾನೆ. ಸೇರುವಾಗ ಎಲ್ಲರಿಗೂ ಪೊಲೀಸ್ ಪರಿಶೀಲನೆ ಆಗಿರುತ್ತದೆ. ಆದರೆ ಆವರಣದ ಒಳಗೆ ಇನ್ನೊಂದು ಬೇಲಿ, ಅದರೊಳಗೆ ಕಿಟಕಿಯಿಲ್ಲದ ಒಂದು ಶೆಡ್ಡು ಇತ್ತು. ಎಲ್ಲರೂ ಅದನ್ನು ಬಂದ್ ಶೆಡ್ ಎನ್ನುತ್ತಿದ್ದರು. ಅಲ್ಲಿ ಕೆಲಸ ಮಾಡುವವರಿಗೆ ಪ್ರತ್ಯೇಕ ಕ್ಲಿಯರೆನ್ಸ್ ಬೇಕು. ಕೆಲವು ವರ್ಷಗಳಿಗೊಮ್ಮೆ ಅದನ್ನು ಹೊಸದು ಮಾಡಬೇಕು. ಮನೆಗೆ ಹೋಗಿ, ನೆರೆಹೊರೆಯಲ್ಲಿ ಕೇಳಿ, ವರದಿ ಬರೆದು ಮೇಲಕ್ಕೆ ಕಳಿಸುವುದು ನನ್ನ ಕೆಲಸ. ನಿರ್ಧಾರ ನನ್ನದಲ್ಲ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ನಿರ್ಧಾರ ಮಾಡುವವರು ನನ್ನ ವರದಿ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ ಎಂಬುದನ್ನು ಹೇಳಿಕೊಳ್ಳುತ್ತಿರಲಿಲ್ಲ.

ಈ ಕೆಲಸ ಕಲಿಸಿದವರು ನಮ್ಮ ಮುಖ್ಯಾಧಿಕಾರಿ. ಸೈನ್ಯದಲ್ಲಿದ್ದು ಬಂದವರು, ನಾವು ಮೇಜರ್ ಸಾಹೇಬರು ಎನ್ನುತ್ತಿದ್ದೆವು. ಕುಡಿತ, ಹೆಂಗಸರ ಸಹವಾಸ, ವಿದೇಶದ ನೆಂಟರು, ಇದೆಲ್ಲ ಸಿನಿಮಾದವರಿಗೆ. ನೀನು ಸಾಲ ನೋಡು ಎನ್ನುತ್ತಿದ್ದರು. ಹಣಕ್ಕೆ ಸಿಕ್ಕಿಬಿದ್ದವನನ್ನು ಹಣ ತೋರಿಸಿ ಬಾಗಿಸುವುದು ಸುಲಭ ಎಂಬುದು ಅವರ ಲೆಕ್ಕ. ಆದರೆ ಸಾಲವಿದ್ದ ಮಾತ್ರಕ್ಕೆ ಯಾರನ್ನೂ ತಳ್ಳಬಾರದು ಎಂದೂ ಅವರೇ ಹೇಳಿಕೊಟ್ಟಿದ್ದರು. ನೋಡಬೇಕಾದದ್ದು ತೀರಿಸುತ್ತಿದ್ದಾನೋ ಇಲ್ಲವೋ, ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೋ ಇಲ್ಲವೋ, ಕೇಳಿದಾಗ ತಾನಾಗಿ ಹೇಳಿದನೋ ಮುಚ್ಚಿಟ್ಟನೋ. ಈಗಿನವರೂ ಹೆಚ್ಚು ಕಡಿಮೆ ಇದನ್ನೇ ನೋಡುತ್ತಾರೆ. ನನ್ನ ಸೇವಾವಧಿಯಲ್ಲಿ ಸಾಲ ತೀರಿಸಲು ಕಾರ್ಖಾನೆಯ ಗುಪ್ತ ನಕ್ಷೆ ಮಾರಿದ ಒಬ್ಬನನ್ನೂ ನಾನು ಕಾಣಲಿಲ್ಲ. ಅಂಥವರು ಇಲ್ಲವೆಂದಲ್ಲ. ನಾನು ಕಾಣಲಿಲ್ಲ.

ಕಂಡದ್ದು ಬೇರೆ. ಸೂಟು ಹಾಕಿಕೊಳ್ಳುತ್ತಿದ್ದ ಒಬ್ಬ ಎಂಜಿನಿಯರ್ ಎಲ್ಲ ಸಾಲವನ್ನೂ ಮಾವನ ಹೆಸರಿನಲ್ಲಿ ಎತ್ತಿ, ನನ್ನೆದುರು ಎರಡೂ ಅಂಗೈ ಬಿಚ್ಚಿ ತೋರಿಸಿ, "ನಿಲ್" ಎಂದ, ಸಾಲ ಏನೇನೂ ಇಲ್ಲ ಎಂದು. ಹಾಗೆಯೇ ಬರೆದೆ. ಅವನಿಗೆ ಕ್ಲಿಯರೆನ್ಸ್ ಬಂತು. ಅವನ ಮಾವ ಹಣ ಕೇಳಲು ಗೇಟಿನವರೆಗೂ ಬಂದ ಮೇಲೆಯೇ ನಮಗೆ ಗೊತ್ತಾದದ್ದು. ಮೇಜರ್ ಸಾಹೇಬರು ನನ್ನನ್ನು ಕರೆದು, "ದೇಸಾಯಿ, ಮನುಷ್ಯನ ಕೈ ನೋಡಿ ಬರೆಯಲು ನೀನು ಜ್ಯೋತಿಷಿಯೇ?" ಎಂದರು. ಆ ಮಾತು ನನಗೆ ನಾಟಿತು. ಇನ್ನು ಮುಂದೆ ಯಾರ ಬಾಯಿಮಾತನ್ನೂ ನಂಬದೆ ಸಾಲ ಕೊಟ್ಟವರ ಬಳಿಗೇ ಹೋಗಿ ಕೇಳುತ್ತೇನೆ ಎಂದು ಪಣ ತೊಟ್ಟೆ. ಅದಾದ ಮೇಲೆ ಮೊದಲು ಬಂದದ್ದು ಶರಣಪ್ಪನವರ ಸರದಿ.

ಶರಣಪ್ಪ ಸುರಪುರದ ಕಡೆಯವರು. ಬಂದ್ ಶೆಡ್ಡಿನಲ್ಲಿ ಲ್ಯಾಪಿಂಗ್ ಮಾಡುತ್ತಿದ್ದರು. ಉಕ್ಕಿನ ಎರಡು ಮುಖಗಳು ಒಂದರ ಮೇಲೊಂದು ಕೂತಾಗ ನಡುವೆ ಎಣ್ಣೆಯೂ ಜಿನುಗದಂತೆ ಅವನ್ನು ನುಣುಪಾಗಿ ಅರೆಯುವ ಕೆಲಸಕ್ಕೆ ಆ ಹೆಸರು. ಚಪ್ಪಟೆಯ ಕಬ್ಬಿಣದ ಫಲಕಕ್ಕೆ ಸಣ್ಣ ಪುಡಿಯ ಪೇಸ್ಟು ಸವರಿ, ಉಕ್ಕಿನ ಬಿಲ್ಲೆಯನ್ನು ಅಂಗೈಯಲ್ಲಿ ಒತ್ತಿ, ಎಂಟರ ಅಂಕಿ ಬರೆದ ಹಾಗೆ ತಿರುಗಿಸುತ್ತ ಹೋಗಬೇಕು. ಕೆಲಸ ಮುಗಿದಾಗ ಆ ಬಿಲ್ಲೆಯಲ್ಲಿ ಮುಖ ಕಾಣುತ್ತದೆ. ಮಾಡುವವರು ಹಲವರಿದ್ದರು. ಕಷ್ಟದ ಬಿಲ್ಲೆ ಬಂದಾಗ ಎಲ್ಲರೂ ಅದನ್ನು ಶರಣಪ್ಪನವರ ಕಡೆ ಸರಿಸುತ್ತಿದ್ದರು ಎಂದು ಆ ಶೆಡ್ಡಿನ ಫೋರ್ಮನ್ ನನಗೆ ಹೇಳಿದ್ದರು.

ಅವರ ಮನೆ ಮೆಹದಿಪಟ್ಟಣಂನ ಒಂದು ಗಲ್ಲಿಯಲ್ಲಿತ್ತು. ನಾನು ಹೋದಾಗ ಬಾಗಿಲಲ್ಲೇ ನಿಂತಿದ್ದರು.

"ಬರ್ರಿ ಸಾಹೇಬ್ರ. ಹುಡುಕೂದು ಭಾಳ ಆತೇನ್ರಿ? ಇಲ್ಲಿ ಎಲ್ಲಾ ಗಲ್ಲಿ ಒಂದಽ ನಮೂನಿ. ನಾನಽ ಒಂದ್ಸಲ ಮಂದೀ ಮನಿಗೆ ಹೋಗಿ ಚಪ್ಪಲ್ ಬಿಟ್ಟೀನಿ."

ನಾನು ಕನ್ನಡದಲ್ಲಿ ಉತ್ತರಿಸಿದ ಕೂಡಲೇ ಅವರ ಮುಖ ಅರಳಿತು. ಒಳಗೆ ತಿರುಗಿ ಕೂಗಿದರು: "ಏ ಮಹಾದೇವಿ, ನಮ್ಮವರಽ ಬಂದಾರ. ಧಾರವಾಡ ಕಡೆಯವರು. ಚಹಾ ಇಡು."

ನೀಲಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಒರೆಸಿ ಕೂರಿಸಿದರು. ನಾನು ಕೇಳುವ ಮೊದಲೇ ಶುರು ಮಾಡಿದರು. "ನಾ ಮುಚ್ಚಿಡಾಂವ ಅಲ್ಲರಿ ಸಾಹೇಬ್ರ. ಸಾಲ ಐತಿ. ಸಣ್ಣದಲ್ಲ."

ಅಡುಗೆಮನೆಯಿಂದ ಮಹಾದೇವಿ ಅವರ ದನಿ ಬಂತು. "ಎಲ್ಲಾ ಪುರಾಣ ತಗೀಬ್ಯಾಡ್ರಿ. ಅವರಿಗೆ ಹೊತ್ತಾಕೈತಿ."

ಶರಣಪ್ಪ ನಕ್ಕರು. "ಆಕಿ ತಮ್ಮಂದರೀ ಅದು. ಅದಕ್ಕಽ ಆಕಿಗೆ ಚುರ್ ಅಂತೈತಿ."

ವಿಷಯ ಹೀಗಿತ್ತು. ಮಹಾದೇವಿ ಅವರ ತಮ್ಮ ಮೇಸ್ತ್ರಿ. ಊರ ಕಡೆಯಿಂದ ಆಳುಗಳನ್ನು ಕರೆತಂದು ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಹಿಡಿಯುತ್ತಿದ್ದ. ಒಬ್ಬ ಬಿಲ್ಡರ್ ಸ್ಲ್ಯಾಬ್ ಹಾಕಿಸಿಕೊಂಡು, ಕೂಲಿ ಕೊಡದೆ ಫೋನು ಬಂದ್ ಮಾಡಿದ. ಆಳುಗಳು ಮೇಸ್ತ್ರಿಯನ್ನು ಹಿಡಿದರು, ಮೇಸ್ತ್ರಿ ಅಕ್ಕನ ಮನೆಗೆ ಓಡಿ ಬಂದ.

"ಹೆಣಮಕ್ಕಳು, ಕೂಸುಗಳು, ಎಲ್ಲಾ ಈ ಗಲ್ಲ್ಯಾಗ ಬಂದ್ ಕುಂತ್ರು. ಪಂಚಮಿಗೆ ಊರಿಗೆ ಹೋಗಬೇಕು, ಕೈಯಾಗ ಬಸ್ಸಿನ ರೊಕ್ಕ ಇಲ್ಲ. ಏನ್ ಮಾಡ್ಲಿರಿ? ಒಳಗ ಹೋಗಿ ಬಾಗಲಾ ಹಾಕ್ಕೊಳ್ಳಿ? ಫೈನಾನ್ಸಿನ್ಯಾಗ ತಂದೆ, ಚೀಟಿ ಎತ್ತಿದೆ, ಕೊಟ್ಟು ಕಳಿಸಿದೆ. ಈಗ ತಿಂಗಳಾ ತಿಂಗಳಾ ಕಟ್ಟಾಕತ್ತೀನಿ. ಒಂದು ಕಂತೂ ತಪ್ಪಿಲ್ಲ."

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು ಎಂದು ನನಗೆ ನೆನಪು: "ಬೇಕಾದ್ರ ಹೋಗಿ ಕೇಳ್ರಿ." ಬಸ್ ನಿಲ್ದಾಣದ ಹಿಂದಿನ ಆ ಫೈನಾನ್ಸ್ ಅಂಗಡಿಯ ಗುರುತನ್ನೂ ಹೇಳಿದರು. ಗುರುತು ಹೇಳಿದ್ದು ಖಂಡಿತ. ಇಲ್ಲದಿದ್ದರೆ ನಾನು ಅಲ್ಲಿಗೆ ಹೋಗುತ್ತಿರಲಿಲ್ಲ. ಹೋಗಿ ಕೇಳ್ರಿ ಎಂದದ್ದು ನಿಜವೋ, ನನ್ನ ಸಮಾಧಾನಕ್ಕೆ ನಾನೇ ಆಮೇಲೆ ಅವರ ಬಾಯಿಗೆ ಹಾಕಿದ್ದೋ ಎಂಬ ಅನುಮಾನ ಬಹಳ ವರ್ಷ ಕಾಡಿತು. ನನ್ನ ಅನುಕೂಲಕ್ಕೆ ಅದು ಅಷ್ಟು ಚೆನ್ನಾಗಿ ಹೊಂದಿಕೊಂಡಿತ್ತು.

ಅಂದೇ ಅಲ್ಲಿಗೆ ಹೋದೆ. ಎಂಜಿನಿಯರನ ಬಿಚ್ಚಿದ ಅಂಗೈ ಇನ್ನೂ ಕಣ್ಣ ಮುಂದಿತ್ತು. ಅಂಗಡಿಯ ಬಾಗಿಲಿಗೇ ಜೀಪು ನಿಲ್ಲಿಸಿದೆವು. ಜೀಪಿನ ಮೂತಿಯ ಮೇಲೆ ಭಾರತ ಸರ್ಕಾರ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಸೇಠ್ ಎದ್ದು ನಿಂತು ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಶರಣಪ್ಪ ಸರಿಯಾಗಿ ಕಟ್ಟುತ್ತಿದ್ದಾರೆಯೇ ಎಂದು ಕೇಳಿದೆ.

"ಹೌ ಸಾಬ್, ಬರಾಬರ್ ದೇರಾ. ಅಚ್ಛಾ ಆದ್ಮೀ ಹೈ," ಎಂದ.

ತಪ್ಪದೆ ಕೊಡುತ್ತಿದ್ದಾನೆ, ಒಳ್ಳೆಯ ಮನುಷ್ಯ. ನನಗೆ ಬೇಕಾಗಿದ್ದದ್ದು ಅಷ್ಟೇ. ಏಳುತ್ತಿದ್ದೆ. ಆಗ ಸೇಠ್ ಕೇಳಿದ: "ಕಾಯ್ಕು ಪೂಛ್‌ರೇ ಸಾಬ್? ಉಸ್ಕಿ ನೌಕರಿ ಕೋ ಕುಛ್ ಹೋರಾ ಕ್ಯಾ?" ಯಾಕೆ ಕೇಳುತ್ತಿದ್ದೀರಿ, ಅವನ ನೌಕರಿಗೆ ಏನಾದರೂ ಆಗುತ್ತಿದೆಯೇ ಎಂದು.

ಇಲ್ಲ, ಇದು ಎಲ್ಲರಿಗೂ ಮಾಡುವ ವಿಚಾರಣೆ ಎಂದರೆ ಮುಗಿಯುತ್ತಿತ್ತು. ಅದೇ ನಿಜ ಕೂಡ. ಆದರೆ ವಿಚಾರಣೆಯ ಕಾರಣವನ್ನು ಹೊರಗಿನವರಿಗೆ ಹೇಳಕೂಡದು ಎಂದು ನಮ್ಮ ವಿಭಾಗದಲ್ಲಿ ತಿದ್ದಿ ತಿದ್ದಿ ಕಲಿಸಿದ್ದರು. ಹಾಲಿನವನು ಕೇಳಲಿ, ಹೆಂಡತಿ ಕೇಳಲಿ, ನಮ್ಮ ಬಾಯಲ್ಲಿ ಬರುವ ಉತ್ತರ ಒಂದೇ. ಅದನ್ನೇ ಕೊಟ್ಟೆ. "ಅದನ್ನು ಹೇಳುವಂತಿಲ್ಲ," ಎಂದೆ. ಹೇಳುವಾಗ ಸ್ವಲ್ಪ ನಕ್ಕೆ ಎಂದೂ ಕಾಣುತ್ತದೆ. ಆ ಉತ್ತರ ಕೊಡುವಾಗ ನನಗೆ ಒಂದು ಬಗೆಯ ಗತ್ತು ಬರುತ್ತಿತ್ತು. ಅದನ್ನು ಈಗ ಬರೆಯುವುದಕ್ಕೆ ಕೈ ಹಿಂದೆ ಸರಿಯುತ್ತದೆ.

ಹೊರಗೆ ಬಂದು ಚಾಲಕನ ಜೊತೆ ಭಜಿ ತಿಂದೆ.

ನಮ್ಮಲ್ಲಿ ಎರಡನೇ ನೋಟ ಎಂಬ ಪದ್ಧತಿಯಿತ್ತು. ಮೊದಲ ಭೇಟಿಯಾದ ಕೆಲವು ವಾರಗಳ ಮೇಲೆ, ಹೇಳದೆ ಕೇಳದೆ ಮತ್ತೊಮ್ಮೆ ಹೋಗಿ ನೋಡಿ ಬರುವುದು. ಮೊದಲ ಸಲ ಎಲ್ಲರೂ ಮನೆ ಗುಡಿಸಿಟ್ಟಿರುತ್ತಾರೆ, ಎರಡನೇ ಸಲ ಕಂಡದ್ದೇ ನಿಜ ಎಂದು ಮೇಜರ್ ಸಾಹೇಬರ ನಂಬಿಕೆ. ನಾನು ಎರಡನೇ ಸಲ ಹೋದಾಗ ಶರಣಪ್ಪನವರ ಮೆಟ್ಟಿಲ ಮೇಲೆ ಫೈನಾನ್ಸ್ ಅಂಗಡಿಯ ವಸೂಲಿ ಮನುಷ್ಯ ಕಾಲು ಚಾಚಿ ಕೂತಿದ್ದ. ಚೀಟಿ ನಡೆಸುವ ಹೆಂಗಸು ಬಾಗಿಲಲ್ಲಿ ನಿಂತು ಮಹಾದೇವಿ ಅವರನ್ನು ಬೈಯುತ್ತಿದ್ದಳು. ಗಲ್ಲಿಯ ಮಂದಿ ಕಿಟಕಿಗಳಲ್ಲಿ ಸೇರಿದ್ದರು.

ಶರಣಪ್ಪ ನನ್ನನ್ನು ನೋಡಿ ಕುಗ್ಗಿಹೋದರು. "ಇವತ್ತಽ ಬಂದ್ರೇನ್ರಿ ಸಾಹೇಬ್ರ?" ಎಂದರು. ಒಳಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು: "ಏನಾತೋ ತಿಳೀವಲ್ದ್ರಿ. ಅಂಗಡ್ಯಾವರು ಒಮ್ಮಿಗೇ ಪೂರಾ ರೊಕ್ಕ ಕಟ್ಟು ಅಂತಾರ. ಏನೋ ಹೊಸಾ ಹಿಸಾಬಂತ. ಅದನ್ನ ನೋಡಿ ಚೀಟಿ ಅಕ್ಕಗೂ ಅಂಜಿಕಿ ಹತ್ತೈತಿ. ಇಷ್ಟು ದಿನಾ ಹಿಂಗ ಇರ್ಲಿಲ್ರಿ. ನೀವಽ ನೋಡೀರಲ್ಲಾ?"

ನೋಡಿದ್ದೆ. ಸಮಾಧಾನದ ಮಾತೇನನ್ನೋ ಹೇಳಿ ಹೊರಬಂದೆ. ಜೀಪು ಹತ್ತುವಾಗ ವಸೂಲಿಯವನು ಓಡಿ ಬಂದು ಸಲಾಮು ಹೊಡೆದ. ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ: "ಅಚ್ಛಾ ಕರೇ ಸಾಬ್, ಆಪ್ ಆಕೆ ಗಯೇ ಸೋ. ನೈ ತೋ ಹಮಾರಾ ಪೈಸಾ ಡೂಬ್ ಜಾತಾ ಥಾ." ನೀವು ಅಂಗಡಿಗೆ ಬಂದು ಹೋದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನಮ್ಮ ಹಣ ಮುಳುಗುತ್ತಿತ್ತು ಎಂದು. ನನ್ನ ಉತ್ತರ ಕೇಳಿ ಶರಣಪ್ಪನವರ ನೌಕರಿ ಹೋಗುತ್ತದೆಂದೇ ಸೇಠ್ ತಿಳಿದಿದ್ದ. ಅವನ ಮನುಷ್ಯ ನನಗೆ ಕೃತಜ್ಞತೆ ಹೇಳುತ್ತಿದ್ದ.

ಈ ಮಾತನ್ನು ನಾನು ಕಲ್ಪಿಸಿಕೊಂಡಿಲ್ಲ. ನನ್ನ ಪರವಾದ ನೆನಪುಗಳನ್ನು ಅನುಮಾನಿಸುತ್ತೇನೆ, ಇದು ಅಂಥದ್ದಲ್ಲ.

ಕಚೇರಿಗೆ ಬಂದು ವರದಿ ಬರೆದೆ. ಶರಣಪ್ಪ ಸಾಲದ ವಿಷಯವನ್ನು ತಾನಾಗಿ ಹೇಳಿದ್ದಾರೆ ಎಂದು ಬರೆದೆ. ಸಂಬಳಕ್ಕೆ ಹೋಲಿಸಿದರೆ ಸಾಲ ಹೆಚ್ಚು, ಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದು ಕೂರುತ್ತಾರೆ, ನೆರೆಹೊರೆಯಲ್ಲಿ ಜಗಳವಿದೆ, ಒತ್ತಡಕ್ಕೆ ಮಣಿಯುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದೂ ಬರೆದೆ. ಒಂದೊಂದು ವಾಕ್ಯವೂ ನಿಜ. ಅವರು ಬಾಗಿಲಿಗೆ ಬಂದದ್ದು ನಾನು ಅಂಗಡಿಗೆ ಹೋದ ಮೇಲೆ ಎಂಬ ಒಂದು ವಾಕ್ಯ ಮಾತ್ರ ಅದರಲ್ಲಿರಲಿಲ್ಲ.

ಮೇಜರ್ ಸಾಹೇಬರಿಗೆ ಅದನ್ನು ಬಾಯಲ್ಲಿ ಹೇಳಿದೆ, ಅವರು "ಅದು ವರದಿಯ ವಿಷಯವಲ್ಲ" ಎಂದರು ಎಂದು ನನಗೊಂದು ನೆನಪಿದೆ. ಅವರ ಕೋಣೆಯ ಹಸಿರು ಪರದೆಯೂ ಕಣ್ಣಿಗೆ ಕಟ್ಟುತ್ತದೆ. ಆದರೆ ಆ ಪರದೆ ನಾನು ಪ್ರತಿದಿನ ನೋಡುತ್ತಿದ್ದದ್ದು. ಅರ್ಧ ತಪ್ಪನ್ನು ಅವರ ಮೇಲೆ ಹೊರಿಸಲು ನಾನೇ ಆ ದೃಶ್ಯ ಕಟ್ಟಿರಬಹುದು. ಕೇಳೋಣವೆಂದರೆ ಅವರು ತೀರಿಕೊಂಡಿದ್ದಾರೆ. ಆದ್ದರಿಂದ ಹೇಳಲಿಲ್ಲ ಎಂದೇ ಇಟ್ಟುಕೊಳ್ಳುತ್ತೇನೆ.

ಕ್ಲಿಯರೆನ್ಸ್ ಬರಲಿಲ್ಲ. ಶರಣಪ್ಪನವರನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಅಲ್ಲಿ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆದು, ಒಳಗೆ ಹುಲ್ಲು ತುಂಬುವ ಕೆಲಸ. ಸಂಬಳ ಕಡಿಮೆಯಾಗಲಿಲ್ಲ, ಬಂದ್ ಶೆಡ್ಡಿನ ಭತ್ಯೆ ಮಾತ್ರ ಹೋಯಿತು. ಹೆಚ್ಚಿಗೆ ಹೋದದ್ದು ಬೇರೆ. ಕಾರ್ಖಾನೆಯಲ್ಲಿ ಕ್ಲಿಯರೆನ್ಸ್ ನಿಂತಿದೆ ಎಂದರೆ ಜನ ಅರ್ಥ ಮಾಡಿಕೊಳ್ಳುವುದು ಒಂದೇ ರೀತಿ. ಕ್ಯಾಂಟೀನಿನಲ್ಲಿ ಅವರ ಬೆಂಚು ಖಾಲಿಯಾಯಿತು. "ಪಾಕಿಸ್ತಾನಕ್ಕ ಎಷ್ಟಕ್ಕ ಕೊಟ್ಟಿ ಶರಣಪ್ಪಾ?" ಎಂದು ಯಾರೋ ನಗೆಯಾಡಿದರಂತೆ. "ಕೊಟ್ಟಿದ್ರ ನಿನ್ನ ಕೂಡ ಈ ಅನ್ನಾ ತಿಂತಿದ್ದೆನೇನೋ?" ಎಂದು ಇವರೂ ನಗೆಯಾಡಿ, ತಟ್ಟೆ ಬಿಟ್ಟು ಎದ್ದರಂತೆ. ಇದನ್ನು ನಾನು ಕಾಣಲಿಲ್ಲ, ಕೇಳಿದ್ದು.

ಮೂರು ವರ್ಷದಲ್ಲಿ ಅವರು ಸಾಲವನ್ನೆಲ್ಲ ತೀರಿಸಿ ಮರುಪರಿಶೀಲನೆಗೆ ಅರ್ಜಿ ಹಾಕಿದರು. ಹಳೆಯ ವರದಿಯ ಜೊತೆ ಆ ಒಂದು ವಾಕ್ಯವನ್ನು ಸೇರಿಸಲು ನನಗೆ ಅದೊಂದು ಅವಕಾಶ. ಸೇರಿಸಿದರೆ, ಆಗ ಯಾಕೆ ಬರೆಯಲಿಲ್ಲ ಎಂದು ನನ್ನನ್ನೇ ಕೇಳುತ್ತಾರೆ. ಸಾಲ ತೀರಿದೆ ಎಂದಷ್ಟೇ ಬರೆದು ಕಳಿಸಿದೆ. ಕಡತ ಮೇಲೆ ಹೋಗಿ ಅಲ್ಲೇ ಕೂತಿತು. ಅಷ್ಟರಲ್ಲಿ ಬಂದ್ ಶೆಡ್ಡಿಗೆ ಲ್ಯಾಪಿಂಗ್ ಯಂತ್ರ ಬಂತು. ಇನ್ನು ಅವರನ್ನು ಕರೆಯುವ ಅಗತ್ಯ ಯಾರಿಗೂ ಇರಲಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿದೆ. ನಿವೃತ್ತರಾಗುವವರನ್ನು ಕೊನೆಯ ದಿನ ಮಾಲೆ ಹಾಕಿ, ಹೆಂಡತಿ ಮಕ್ಕಳ ಸಮೇತ, ಅವರು ಕೆಲಸ ಮಾಡಿದ ಜಾಗಗಳಿಗೆಲ್ಲ ಕರೆದುಕೊಂಡು ಹೋಗುತ್ತಾರೆ. ಶರಣಪ್ಪನವರ ಆ ದಿನ ಬಂತು. ಪ್ಯಾಕಿಂಗ್ ವಿಭಾಗ ನೋಡಿ ಆದ ಮೇಲೆ ಅವರ ಮಗಳು, "ಅಪ್ಪಾ, ನೀ ಮೊದಲು ಇದ್ದದ್ದು ಎಲ್ಲಿ?" ಎಂದು ಕೇಳಿದಳು. ಒಳಗಿನ ಬೇಲಿಯವರೆಗೂ ನಡೆದು ಬಂದರು. ಗೇಟಿನಲ್ಲಿ ನಾನಿದ್ದೆ.

ಜೊತೆಗೊಬ್ಬ ಕಾವಲುಗಾರನನ್ನು ಕೊಟ್ಟು ಒಬ್ಬರನ್ನು ಒಳಗೆ ಬಿಡುವ ಪಾಸಿಗೆ ಸಹಿ ಮಾಡುವ ಅಧಿಕಾರ ನನಗಿತ್ತು. ಮಂತ್ರಿಗಳ ಜೊತೆ ಬಂದ ಫೋಟೊಗ್ರಾಫರನಿಗೆ ಅದೇ ತಿಂಗಳು ಮಾಡಿಕೊಟ್ಟಿದ್ದೆ. ಕೈ ಜೇಬಿನಲ್ಲಿದ್ದ ಪೆನ್ನಿಗೆ ಹೋಯಿತು. ಪೆನ್ನು ಹೊರಗೆ ಬರಲಿಲ್ಲ. ಸಹಿ ಮಾಡಿದರೆ ಯಾವುದನ್ನೋ ಒಪ್ಪಿಕೊಂಡ ಹಾಗೆ ಎನಿಸಿತು.

ಶರಣಪ್ಪ ನನ್ನ ಮುಖ ನೋಡಿ, ತಾವೇ ಮಗಳಿಗೆ ಹೇಳಿದರು: "ಅದ ನೋಡು, ಆ ಗ್ವಾಡಿ ಆಚೆ. ಬ್ಯಾಡ, ಸಾಹೇಬ್ರಿಗೆ ತ್ರಾಸ ಕೊಡೂದು ಬ್ಯಾಡ." ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಅಲ್ಲಿ ಫೋಟೊ ತೆಗೆಯುವುದು ನಿಷಿದ್ಧ. ಅದನ್ನು ಮಾತ್ರ ನಾನು ತಡೆಯಲಿಲ್ಲ. ನನ್ನ ಔದಾರ್ಯ ಅಷ್ಟಕ್ಕೇ ನಿಂತಿತು. ಮುಂದೆ ನನ್ನ ನಿವೃತ್ತಿಯ ದಿನ ಬಂದ್ ಶೆಡ್ಡಿನ ಬಾಗಿಲನ್ನು ತೆರೆದು ನನ್ನನ್ನು ಒಳಗೆ ಕರೆದರು. ಅಲ್ಲಿ ಯಾವ ಮೇಜು ಯಾರದೆಂದು ಕೂಡ ನನಗೆ ಗೊತ್ತಿರಲಿಲ್ಲ.

ಈಗ ವಿಧಾನ ಬದಲಾಗಿದೆ. ಗಲ್ಲಿಗೆ ಜೀಪು ಹೋಗುವುದು ಕಡಿಮೆ. ಕಂಪ್ಯೂಟರಿನಲ್ಲಿ ಹೆಸರು ಹಾಕಿದರೆ ಮನುಷ್ಯನ ಸಾಲದ ಚರಿತ್ರೆ ಬರುತ್ತದೆ, ಅದಕ್ಕೊಂದು ಅಂಕವೂ ಬರುತ್ತದೆ. ಮೊಬೈಲ್ ಆ್ಯಪಿನಲ್ಲಿ ಸಾಲ ಮಾಡಿದ ಹುಡುಗನೊಬ್ಬನ ವಸೂಲಿಯವರು ಅವನ ಫೋನಿನಲ್ಲಿದ್ದ ಎಲ್ಲ ನಂಬರುಗಳಿಗೂ ಸಂದೇಶ ಕಳಿಸಿದರಂತೆ, ಅವನ ಮೇಲಧಿಕಾರಿಗೂ. ಹಾಗಾಗಿ ಜೀಪು ಹೋಗದಿದ್ದರೂ ಬಾಗಿಲ ಮುಂದೆ ಜನ ಸೇರುವುದು ನಿಂತಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರಿದ ನೀವು ಎಲ್ಲಾದರೂ ಹೋಗಿ ಕೇಳಲೇಬೇಕಾಗಿ ಬಂದರೆ ಇಷ್ಟು ನೆನಪಿಡಿ. ಯಾಕೆ ಎಂದು ಕೇಳಿದವನಿಗೆ ಹೇಳುವಂತಿಲ್ಲ ಎನ್ನಬೇಡಿ. ಎಲ್ಲರಿಗೂ ಮಾಡುವ ವಿಚಾರಣೆ ಎನ್ನಿ. ಎರಡನೇ ಸಲ ಹೋದಾಗ ಕಂಡದ್ದರಲ್ಲಿ, ಮೊದಲ ಸಲ ನೀವು ಹೋದದ್ದರಿಂದ ಆದದ್ದೆಷ್ಟು ಎಂದು ಕೇಳಿಕೊಂಡು, ಅದನ್ನೂ ಬರೆಯಿರಿ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ಶರಣಪ್ಪನವರಿಗೆ ಹೇಳದೆ ನಿಮಗೆ ಹೇಳುವುದು ಇನ್ನೊಂದು ಕಳ್ಳತನ ಎನಿಸಿತು. ವಿಚಾರಿಸಿದೆ. ನಾಚಾರಂನಲ್ಲಿ ವಾಲ್ವ್ ತಯಾರಿಸುವ ಸಣ್ಣ ಖಾಸಗಿ ಕಾರ್ಖಾನೆಯಲ್ಲಿದ್ದಾರೆ, ಅದರ ಹಿಂದೆಯೇ ಮನೆ ಮಾಡಿದ್ದಾರೆ ಎಂದರು. ಅಮೀರ್‌ಪೇಟೆಯಲ್ಲಿ ಮೆಟ್ರೊ ಬದಲಿಸಿ, ಹಬ್ಸಿಗುಡದಲ್ಲಿ ಇಳಿದು ಆಟೋ ಹಿಡಿದೆ.

ತಗಡಿನ ಶೆಡ್ಡಿನ ಮೂಲೆಯಲ್ಲಿ ಅವರು ಲ್ಯಾಪಿಂಗ್ ಮಾಡುತ್ತಿದ್ದರು. ಅವರ ಕೈ ಓಡುವುದನ್ನು ನಾನು ಕಂಡದ್ದು ಅದೇ ಮೊದಲು. ಬಿಲ್ಲೆ ಫಲಕದ ಮೇಲೆ ಎಂಟರ ಅಂಕಿಯನ್ನು ಬರೆಯುತ್ತ ಬರೆಯುತ್ತ ಸದ್ದಿಲ್ಲದೆ ಸಾಗುತ್ತಿತ್ತು.

"ಅರೆ, ದೇಸಾಯಿ ಸಾಹೇಬ್ರ! ಇಲ್ಲೂ ಎನ್‌ಕ್ವೈರಿಗೆ ಬಂದ್ರೇನ್ರಿ? ಈಗ ಸಾಲ ಇಲ್ರಿ. ಕೇಳಾವರೂ ಇಲ್ಲ," ಎಂದು ನಕ್ಕರು.

ನಿಂತುಕೊಂಡೇ ಎಲ್ಲ ಹೇಳಿದೆ. ಅಂಗಡಿ, ಸೇಠ್ ಕೇಳಿ‌ದ್ದು, ನಾನು ಕೊಟ್ಟ ಉತ್ತರ, ಬಿಟ್ಟ ವಾಕ್ಯ, ಪೆನ್ನು. ಅವರು ಬಿಲ್ಲೆಯನ್ನು ಎತ್ತಿ ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೂ ಆಸೆಯಿತ್ತು.

"ಅಂದ್ರ ನಾ ಖರೇ ಹೇಳಿದ್ದಕ್ಕ ಆ ಕೆಲಸಾ ಹೋಗಿದ್ದಲ್ಲ?" ಎಂದು ಕೇಳಿದರು.

"ಅಲ್ಲ. ನೀವು ಹೇಳಿದ್ದು ನಿಮ್ಮ ಪರವಾಗಿಯೇ ಇತ್ತು."

"ಅಷ್ಟು ಸಾಕ್ರಿ." ಅವರು ಎದ್ದು ನಿಂತರು. "ಮನಿಗೆ ನಡ್ರಿ. ನಮ್ಮಕಿ ಮುಂದ ಇದನ್ನ ಹೇಳ್ರಿ. ಇಷ್ಟು ವರ್ಷ ಆತು, ಜಗಳಾ ಬಂದಾಗೊಮ್ಮೆ ಆಕಿ ಒಂದಽ ಮಾತು ಅಂತಾಳ. ನಿಮ್ಮ ಬಾಯಿಂದಽ ಹೋತು, ಎಲ್ಲಾ ಬಿಚ್ಚಿ ಹೇಳಬ್ಯಾಡ್ರಿ ಅಂದಿದ್ದೆ ಅಂತ. ನಾನೂ ಹಂಗಽ ಇರಬೇಕು ಅಂತ ಸುಮ್ಮನ ಇದ್ದೆ. ನೀವು ಹೇಳಿದ್ರ ಆಕಿ ನಂಬ್ತಾಳ."

ನಾನು ನಿರೀಕ್ಷಿಸಿದ್ದು ಕ್ಷಮೆಯನ್ನೋ ಸಿಟ್ಟನ್ನೋ. ಅವರಿಗೆ ಬೇಕಾಗಿದ್ದದ್ದು ಸಾಕ್ಷಿ. ಹಿಂದೆ ಹಿಂದೆ ನಡೆದೆ.

ಅದೇ ನೀಲಿ ಕುರ್ಚಿ. ಒಂದು ಕಾಲಿಗೆ ತಂತಿ ಸುತ್ತಿದ್ದರು. ಮಹಾದೇವಿ ಅವರು ಗೋಡೆಗೆ ಆನಿಕೊಂಡು ನಿಂತರು. ಮತ್ತೊಮ್ಮೆ ಎಲ್ಲ ಹೇಳಿದೆ. ಶರಣಪ್ಪ ನನ್ನನ್ನು ನೋಡುತ್ತಿರಲಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ನಾನು ಮುಗಿಸಿದ ಮೇಲೆ, "ಕೇಳಿದೇನು? ನನ್ನ ಬಾಯಿಂದ ಹೋಗಿದ್ದಲ್ಲಂತ," ಎಂದರು.

ಆಕೆ ಗಂಡನ ಕಡೆ ತಿರುಗಿದರು. ದನಿಯೇರಿಸದೆ ಹೇಳಿದರು: "ಬೇಕಾದ್ರ ಹೋಗಿ ಕೇಳ್ರಿ ಅಂತ ಅವತ್ತು ಇವರಿಗೆ ಹೇಳಿದವರು ಯಾರ್ರಿ? ಅಂಗಡಿ ಗುರ್ತು ಕೊಟ್ಟವರು ಯಾರು? ನಾ ಒಲಿ ಮುಂದ ನಿಂತು ಕೇಳಾಕತ್ತಿದ್ದೆ."

ಹಾಗಾದರೆ ಅವರು ಹೇಳಿದ್ದು ನಿಜ. ಅಷ್ಟು ವರ್ಷ ನಾನು ಅನುಮಾನಿಸಿದ ಆ ನೆನಪು ಸರಿಯಾಗಿಯೇ ಇತ್ತು. ಅದು ಸುಳ್ಳಾಗಿದ್ದರೆ ಒಳ್ಳೆಯದಿತ್ತು. ಹೋಗಿ ಕೇಳ್ರಿ ಎಂದಾಗ ಅವರು ತಮ್ಮ ಮಾತನ್ನಷ್ಟೇ ಅಲ್ಲ, ನನ್ನನ್ನೂ ನಂಬಿದ್ದರು.

"ತಪ್ಪು ನನ್ನದು, ಅಕ್ಕಾ," ಎಂದೆ.

"ನಿಮ್ಮದು ನಿಮ್ಮ ಕಡೆ ಇರ್ಲಿರಿ," ಎಂದರು ಆಕೆ. "ಅದನ್ನ ಇಲ್ಲಿ ತಂದು ಇಡಬ್ಯಾಡ್ರಿ." ಅಷ್ಟು ಹೇಳಿ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ನಾನು ಹೊರಡಲು ಎದ್ದೆ. ಶರಣಪ್ಪ ಕೈಯಿಂದಲೇ ಕೂರಲು ಸನ್ನೆ ಮಾಡಿ, ತಾವೇ ಒಳಗೆ ಹೋದರು. ಒಳಗೆ ಸ್ಟವ್ ಹೊತ್ತಿಸುವ ಸದ್ದು, ಸಕ್ಕರೆಯ ಡಬ್ಬಿ ಎಲ್ಲಿ ಎಂದು ಅವರು ಕೇಳುವುದು, ಆಕೆ ಉತ್ತರ ಕೊಡದಿರುವುದು, ಎಲ್ಲ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವರೇ ಚಹಾ ತಂದರು. ಅವರ ಬೆರಳಿನ ಪೇಸ್ಟಿನ ಬೂದು ಗುರುತು ಬಟ್ಟಲಿನ ಮೇಲೆ ಹತ್ತಿತ್ತು. ಚಹಾದಲ್ಲಿ ಸಕ್ಕರೆ ಇರಲಿಲ್ಲ. ಕುಡಿದು ಮುಗಿಸಿದೆ.